ಬ್ಯಾಕ್‌ಹೋ ಇರುವ ಹಳೆಯ ಮಿನಿ ಟ್ರ್ಯಾಕ್ಟರ್: ಕೊಳ್ಳಬಹುದೇ?

ಶಿರಸಿಯ ತೋಟಿಗ:
ನಾಲ್ಕು ಎಕರೆ ಅಡಿಕೆ ತೋಟವಿದೆ. ಬಸಿಗಾಲುವೆ ತೆಗೆಯಲು, ಗೊಬ್ಬರ ಸಾಗಿಸಲು 27 ಎಚ್‌ಪಿಯ ಹಳೆಯ ಮಿನಿ ಟ್ರ್ಯಾಕ್ಟರೊಂದನ್ನು ನೋಡಿದ್ದೇನೆ. ಹಿಂದೆ ಬ್ಯಾಕ್‌ಹೋ (ಮಣ್ಣು ಅಗೆಯುವ ಬಕೆಟ್ ಇರುವ ತೋಳು) ಇದೆ. ಮೀಟರ್ 1,400 ಗಂಟೆ ತೋರಿಸುತ್ತದೆ, ಬಣ್ಣ ಹೊಸದು. ಏನೇನು ಪರೀಕ್ಷಿಸಬೇಕು?

ಹಳೆಯ ಮೆಕ್ಯಾನಿಕ್:
ಹೊಸ ಬಣ್ಣ ಕಂಡರೆ ನನಗೆ ಮೊದಲು ಅನುಮಾನ ಬರುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿ ಮೇಲೆ ಬಳಿದಿರಬಹುದು. ಬೂಮ್ (ತೋಳಿನ ಬುಡದ ಉದ್ದ ಭಾಗ) ತಿರುಗುವ ಬುಡಕ್ಕೆ ಟಾರ್ಚ್ ಹಿಡಿದು ನೋಡಿ. ಮೀಟರ್ ಬದಲಿಸುವುದು ಸುಲಭ, ತೋಳಿನ ಕೀಲುಗಳಲ್ಲಿರುವ ಪಿನ್ನು-ಬುಷ್‌ಗಳ ಸವೆತ ಮುಚ್ಚಿಡುವುದು ಕಷ್ಟ. ಬಕೆಟ್ಟನ್ನು ಗೇಣೆತ್ತರಕ್ಕೆ ಎತ್ತಿ ಪಕ್ಕಕ್ಕೆ ಅಲುಗಾಡಿಸಿದರೆ ಗೊತ್ತಾಗುತ್ತದೆ. ಆಮೇಲೆ ತೋಳು ಚಾಚಿ, ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ದೂರ ನಿಲ್ಲಿ. ಕಣ್ಣೆದುರೇ ಬೂಮ್ ಇಳಿಯುತ್ತಾ ಬಂದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಸೀಲ್ ಬದಲಿಸಬಹುದು. ರಾಡ್ ಮೇಲೆ ಆಳವಾದ ಗೀರಿದ್ದರೆ ಹೊಸ ಸೀಲೂ ಬಾಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಬ್ಯಾಕ್‌ಹೋ ಸಬ್‌ಫ್ರೇಮ್ (ಟ್ರ್ಯಾಕ್ಟರಿನ ಅಡಿಗೆ ಬಿಗಿದ ಉಕ್ಕಿನ ಚೌಕಟ್ಟು) ಮೇಲೆ ಕೂತಿದೆಯೇ? ಬರೀ ತ್ರೀ ಪಾಯಿಂಟ್ ಲಿಂಕೇಜಿಗೆ (ನೇಗಿಲು ಸಿಕ್ಕಿಸುವ ಹಿಂದಿನ ಮೂರು ಕೊಂಡಿಗಳಿಗೆ) ತಗುಲಿಸಿ ಅಗೆದಿದ್ದರೆ ಹೊಡೆತವೆಲ್ಲ ಹಿಂಬದಿಯ ಹೌಸಿಂಗ್ (ಗೇರುಗಳನ್ನು ಮುಚ್ಚಿದ ಎರಕದ ಕವಚ) ಮೇಲೆ ಬಿದ್ದಿರುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಎಷ್ಟೇ ಅಗ್ಗವಾದರೂ, ದಯವಿಟ್ಟು ಬೇಡ.

ಸಾಗರದ ರೈತ:
ಎಂಜಿನ್ ತಣ್ಣಗಿರುವಾಗಲೇ ಚಾಲು ಮಾಡಿಸಿ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಆರ್‌ಸಿಯಲ್ಲಿ ಬ್ಯಾಂಕ್ ಸಾಲ ನಮೂದಾಗಿದ್ದರೆ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 (ಸಾಲದ ನಮೂದು ತೆಗೆಸುವ ಅರ್ಜಿ) ನೋಡದೆ ಮುಂಗಡ ಕೊಡಬೇಡಿ.

ಶಿರಸಿಯ ತೋಟಿಗ:
ಸಬ್‌ಫ್ರೇಮ್ ಗಮನಿಸಿರಲಿಲ್ಲ. ನಾಳೆ ಟಾರ್ಚ್ ಹಿಡಿದು ಹೋಗುತ್ತೇನೆ, ಹೌಸಿಂಗಿನ ಫೋಟೊ ಹಾಕುತ್ತೇನೆ.