ಭದ್ರಾ ಕಾಡಂಚಿನಲ್ಲಿ ಕಾಡುಗಿಡಗಳ ನರ್ಸರಿ: ಮಾಡಿದವರು ಹೇಳಿ

ಕೇಳಿದವರು, ಮುತ್ತೋಡಿ ಕಡೆ:
ಭದ್ರಾ ಅಭಯಾರಣ್ಯದ ಪಕ್ಕದಲ್ಲೇ ನಮ್ಮ ತೋಟ. ಒಂದು ಮೂಲೆಯಲ್ಲಿ ಇಲ್ಲಿನದೇ ಕಾಡುಮರಗಳ ನರ್ಸರಿ ಮಾಡಬೇಕೆಂದಿದ್ದೇನೆ. ನೀರಿದೆ, ಬಂಡವಾಳ ಕಮ್ಮಿ. ಹೇಗೆ ಶುರು ಮಾಡಲಿ?

ಸಕಲೇಶಪುರದವರು:
ನನಗೆ ಕೈ ಸುಟ್ಟಿದ್ದು ಧೂಪದ ಮರದ ಬೀಜದಲ್ಲಿ. ಆ ಬೀಜ ಆರಿತೋ, ಸತ್ತಿತು. ಉದುರಿದ ಕೂಡಲೇ ಮಣ್ಣು ತುಂಬಿದ ಪ್ಯಾಕೆಟ್‌ಗೆ ಹಾಕಬೇಕು. ಘಟ್ಟದ ಕೆಳಗಿಂದ ತರಿಸಿದ ಮೂಟೆ ಯಾರದೋ ಗೋಡೌನಿನಲ್ಲಿ ಕೂತು ಬೆಂದು ಬಂತು. ಬೀಜಕ್ಕೆ 6,000, ಬಾಡಿಗೆ 1,800. ಕಳಿಸಿದವರು ಈಗ ಫೋನ್ ಎತ್ತುವುದಿಲ್ಲ. ಆಮೇಲೆ ಹಂದಿ ಕಾಟ. ಗೊಬ್ಬರದ ಎರೆಹುಳುವಿಗೆ ಬಂದು ಪ್ಯಾಕೆಟ್ ಸಾಲನ್ನೆಲ್ಲ ಉರುಳಿಸಿದವು. ಸೋಲಾರ್ ಬೇಲಿಗೆ 42,000 ಸುರಿದೆ. ಆನೆ ಅದರ ಮೇಲೇ ಮರ ಕೆಡವಿ ದಾಟಿತು. ಈ ಲೆಕ್ಕವನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ.

ಮೂಡಿಗೆರೆಯವರು:
ನಮ್ಮದು ಉಪ್ಪಾಗೆ, ಹುಳಿ ಹಣ್ಣಿನ ಕಾಡುಮರ. ಹುಳಿಗೆಂದು ಸಿಪ್ಪೆ ಒಣಗಿಸುವ ಮನೆಗಳಲ್ಲಿ ಬೀಜ ಪುಕ್ಕಟೆ ಸಿಗುತ್ತದೆ. ಮೊಳೆಯಲು ಆರು ತಿಂಗಳು, ಕೆಲವಕ್ಕೆ ಇನ್ನೂ ಜಾಸ್ತಿ. ಪಾತಿ ಕೆದಕಿ ಬದನೆ ಹಾಕೋಣ ಎಂದು ಮನೆಯವರೇ ಗಂಟು ಬಿದ್ದಿದ್ದರು. ನಾನು ಬಿಡಲಿಲ್ಲ. ಈಗ ಗಿಡಕ್ಕೆ 60ರಂತೆ ಹೋಗುತ್ತಿವೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಒಂದೇ ಒಂದೂ ಮಾರಿಲ್ಲ, ಹೆಮ್ಮೆಯಿಂದ ಹೇಳುತ್ತೇನೆ.

ಸಕಲೇಶಪುರದವರು:
ಉಪ್ಪಾಗೆಯ ಬೀಜದ ಗಿಡ ಗಂಡೋ ಹೆಣ್ಣೋ ಎಂದು ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ. ಕೊಂಡವರಿಗೆ ಅದನ್ನು ಹೇಳಿದ್ದೀರಾ ಅಕ್ಕ? ವರ್ಷಗಟ್ಟಲೆ ಗಂಡು ಗಿಡ ಸಾಕಿದವರ ಹೊಟ್ಟೆಯುರಿ ನನಗೆ ಗೊತ್ತು.

ಮೂಡಿಗೆರೆಯವರು:
ಹೇಳಿಯೇ ಮಾರುವುದು ಸಾರ್. ಹಣ್ಣು ಬೇಕಾದವರು ಕಸಿ ಗಿಡ ತಗೊಳ್ಳಲಿ. ಕಾಡಿಗೆ ಗಂಡೂ ಬೇಕು. ಒಂದೇ ಮರದ ಕಸಿಯನ್ನು ಊರೆಲ್ಲ ನೆಟ್ಟರೆ ಅದು ಕಾಡಾಗುತ್ತದಾ?

ಆಲ್ದೂರಿನವರು:
ಸಿಲ್ವರ್ ಓಕ್ ಎಂದರೆ ಅಷ್ಟು ಸದರ ಬೇಡ. ನನ್ನ ನರ್ಸರಿಯ ಕೂಲಿ ಹುಟ್ಟುವುದೇ ಅದರಿಂದ. ಮೆಣಸು ಹಬ್ಬಿಸಬಹುದು, ಕಡಿಯಲು ಪರವಾನಗಿ ಬೇಡ. ಬೀಟೆ ನೆಡಿ ಎಂದು ನೋಡಿ, ಬೆಳೆಗಾರರು ಬೇಡಪ್ಪಾ ಎಂದು ಕೈ ಮುಗಿಯುತ್ತಾರೆ. ಇನ್ನು ಬೀಜಕ್ಕೆ ಯಾಕೆ ದುಡ್ಡು? ಮುತ್ತೋಡಿ ಕಾಡಿನೊಳಗೆ ರಾಶಿ ಬಿದ್ದಿರುತ್ತದೆ, ಹೆಕ್ಕಿಕೊಳ್ಳಿ.

ಸಕಲೇಶಪುರದವರು:
ಏನ್ರೀ ಹೇಳಿಕೊಡುತ್ತಿದ್ದೀರಿ? ಅನುಮತಿ ಇಲ್ಲದೆ ಅಭಯಾರಣ್ಯದೊಳಗಿಂದ ಏನೇ ತಂದರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಬೀಳುತ್ತದೆ. ಹೊಸಬರನ್ನು ಸಿಕ್ಕಿಸಬೇಡಿ. ಹಳೇ ಕಾಫಿ ತೋಟದ ನೆರಳಿನ ಮರಗಳ ಬುಡದಲ್ಲಿ ಹುಡುಕಲಿ, ಯಜಮಾನರನ್ನು ಕೇಳಿ.

ಆಲ್ದೂರಿನವರು:
ನನ್ನ ತೋಟದಲ್ಲೇ ಅತ್ತಿ, ನಂದಿ, ಹೊನ್ನೆ ಅಪ್ಪನ ಕಾಲದಿಂದ ನಿಂತಿವೆ. ಆಸ್ಟ್ರೇಲಿಯಾದ ಮರ ಮಾರಿದೆ ಎಂದು ನನಗೆ ಪಾಠ ಹೇಳಬೇಡಿ.

ಮೂಡಿಗೆರೆಯವರು:
ನಿಂತಿವೆ ಸರಿ ಅಣ್ಣ. ಆ ಹೊನ್ನೆಯ ಒಂದು ಬೀಜವನ್ನಾದರೂ ಪಾತಿಗೆ ಹಾಕಿದ್ದೀರಾ, ಹೇಳಿ.