ಕೈನೇಸನ್ನು ಹಿಡಿದಿಡುವ ಪ್ರತಿಬಂಧಕ ಪ್ರೋಟೀನುಗಳು: ಬಿಡಿಸುವವರು ಯಾರು?

ಗಂಗೋತ್ರಿ ವಿದ್ಯಾರ್ಥಿನಿ, ಮೈಸೂರು
ಮಾನ್ಯರೇ, ನಾನು ಮಾನಸಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಕೈನೇಸ್‌ಗಳು ಕೋಶದ ಶಕ್ತಿಮೂಲವಾದ ಎಟಿಪಿಯ ಫಾಸ್ಫೇಟನ್ನು ಬೇರೆ ಪ್ರೋಟೀನುಗಳಿಗೆ ಜೋಡಿಸುತ್ತವೆ, ಫಾಸ್ಫಟೇಸ್‌ಗಳು ಅದನ್ನು ಕಳಚುತ್ತವೆ ಎಂಬಲ್ಲಿಯವರೆಗೆ ಗೊಂದಲವಿಲ್ಲ. ಕಳಚುವ ವ್ಯವಸ್ಥೆ ಇದ್ದೂ ಕೈನೇಸನ್ನೇ ಹಿಡಿದಿಡುವ ಪ್ರತಿಬಂಧಕ ಪ್ರೋಟೀನುಗಳು ಜೀವಕೋಶಕ್ಕೆ ಏಕೆ ಬೇಕು? ಒಮ್ಮೆ ಹಿಡಿದ ಮೇಲೆ ಸಂಕೇತ ಮತ್ತೆ ಹರಿಯುವುದು ಹೇಗೆ?

ಮಂಡ್ಯದ ಉಪನ್ಯಾಸಕ
ಫಾಸ್ಫಟೇಸ್ ಆದ ಕೆಲಸವನ್ನು ಅಳಿಸುತ್ತದೆ. ಪ್ರತಿಬಂಧಕವು ಕೆಲಸ ಆಗುವ ಮೊದಲೇ ತಡೆಯುತ್ತದೆ. ಪಿಕೆಎ ಎಂಬ ಕೈನೇಸನ್ನು ನೋಡಿ. ವಿಶ್ರಾಂತ ಸ್ಥಿತಿಯಲ್ಲಿ ಅದರ ಎರಡು ವೇಗವರ್ಧಕ ಘಟಕಗಳನ್ನು ಎರಡು ನಿಯಂತ್ರಕ ಘಟಕಗಳು ಹಿಡಿದಿರುತ್ತವೆ. ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಸಂಕೇತವಾಹಕ ಅಣು ಬಂದು ನಿಯಂತ್ರಕಗಳಿಗೆ ಅಂಟಿಕೊಂಡಾಗ ಆ ಹಿಡಿತ ಸಡಿಲುತ್ತದೆ. ಹೀಗೆ ಬಿಡುಗಡೆಯಾದ ಘಟಕವನ್ನು ಹಿಡಿಯಲು ಪಿಕೆಐ ಎಂಬ ಪುಟ್ಟ ಪ್ರೋಟೀನು ಬೇರೆಯೇ ಇದೆ. ಅದರ ಒಂದು ಭಾಗ ಕೈನೇಸಿನ ಸಬ್‌ಸ್ಟ್ರೇಟಿನಂತೆಯೇ, ಅಂದರೆ ಅದು ಫಾಸ್ಫೇಟ್ ಜೋಡಿಸುವ ಪ್ರೋಟೀನಿನಂತೆಯೇ ಕಾಣುತ್ತದೆ, ಆದರೆ ಫಾಸ್ಫೇಟ್ ಕೂರಬೇಕಾದ ಸೆರಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಅಲನಿನ್ ಇದೆ. ಫಾಸ್ಫೇಟ್ ಹಿಡಿಯುವ ಹೈಡ್ರಾಕ್ಸಿಲ್ ಗುಂಪು ಅಲನಿನ್‌ಗಿಲ್ಲ; ಹೀಗಾಗಿ ಕೈನೇಸಿನ ಕ್ರಿಯಾಸ್ಥಾನ ತುಂಬಿದ್ದರೂ ಕೆಲಸ ಮಾತ್ರ ಸಾಗುವುದಿಲ್ಲ. ಅಷ್ಟಕ್ಕೇ ನಿಲ್ಲದೆ, ನ್ಯೂಕ್ಲಿಯಸ್ಸಿನೊಳಗೆ ನುಗ್ಗಿದ ಘಟಕವನ್ನು ಪಿಕೆಐ ಹೊರಕ್ಕೂ ಸಾಗಿಸುತ್ತದೆ.

ಸಣ್ಣಪುಟ್ಟ ಸಂಕೇತದಿಂದ ಹೊರಬಂದ ಅಲ್ಪಸ್ವಲ್ಪ ಕೈನೇಸನ್ನು ಪಿಕೆಐ ನುಂಗಿಬಿಡಬಲ್ಲದು; ಸಂಕೇತ ಆ ಮಿತಿಯನ್ನು ಮೀರಿದಾಗಷ್ಟೇ ಮುಂದಿನ ಕೆಲಸ ಜೋರಾಗುತ್ತದೆ. ನಮ್ಮ ಕಡೆ ನಾಲೆಯ ತೂಬನ್ನು ಸರದಿಯಂತೆ ಎತ್ತಿ ಇಳಿಸುವ ನೀರುಗಂಟಿಯ ಕೆಲಸ ಇದು. ನೀರನ್ನು ಶಾಶ್ವತವಾಗಿ ನಿಲ್ಲಿಸುವುದು ಅವನ ಉದ್ದೇಶವಲ್ಲ.

ಕೋಶಚಕ್ರ, ಮೈಸೂರು
ಬಿಡಿಸುವವರು ಯಾರು ಎಂಬ ಪ್ರಶ್ನೆಗೆ, ಕೋಶವಿಭಜನೆಯನ್ನು ಮುನ್ನಡೆಸುವ ಸಿಡಿಕೆ ಕೈನೇಸ್‌ಗಳನ್ನು ಹಿಡಿದಿಡುವ ಪಿ27 ಎಂಬ ಪ್ರೋಟೀನು ಅತ್ಯುತ್ತಮ ಉತ್ತರ. ಪರೀಕ್ಷೆಯಲ್ಲಿ ‘ಸಿಡಿಕೆಯನ್ನು ತಡೆಯುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದರಿಂದ ಅದರ ಸ್ವಾರಸ್ಯವೇ ತಪ್ಪಿಹೋಗುತ್ತದೆ. 1996ರಲ್ಲಿ ಪ್ರಕಟವಾದ ಸ್ಫಟಿಕ ರಚನೆಯ ಪ್ರಕಾರ, ಪಿ27 ಸಿಡಿಕೆ2 ಮತ್ತು ಅದನ್ನು ಚುರುಕುಗೊಳಿಸುವ ಜೊತೆಗಾರ ಪ್ರೋಟೀನಾದ ಸೈಕ್ಲಿನ್ ಎ ಎರಡರ ಮೇಲೂ ಹಾಸಿಕೊಂಡು, ತನ್ನೊಂದು ಸಣ್ಣ ಸುರುಳಿಯನ್ನು ಎಟಿಪಿ ಕೂರುವ ಬಿರುಕಿಗೇ ತೂರಿಸುತ್ತದೆ. ಕೋಶಕ್ಕೆ ಬೆಳೆಯುವ ಸೂಚನೆ ಬಂದಾಗ ಎಸ್‌ಆರ್‌ಸಿ ಕುಟುಂಬದ ಕೈನೇಸ್‌ಗಳು ಪಿ27ರ 88ನೇ ಸ್ಥಾನದ ಟೈರೋಸಿನ್‌ಗೆ ಫಾಸ್ಫೇಟ್ ಹಚ್ಚುತ್ತವೆ. ಸುರುಳಿ ಹೊರಬರುತ್ತದೆ, ಎಟಿಪಿಗೆ ಜಾಗ ಸಿಗುತ್ತದೆ. ಅರ್ಧ ಎಚ್ಚೆತ್ತ ಸಿಡಿಕೆ2 ಆಗ ತನ್ನನ್ನು ಹಿಡಿದಿದ್ದ ಪಿ27ರ 187ನೇ ಸ್ಥಾನದ ಥ್ರಿಯೋನಿನ್‌ಗೇ ಫಾಸ್ಫೇಟ್ ಜೋಡಿಸುತ್ತದೆ. ಆ ಗುರುತನ್ನು ಎಸ್‌ಕೆಪಿ2 ಇರುವ, ನಾಶದ ಚೀಟಿ ಅಂಟಿಸುವ ಯುಬಿಕ್ವಿಟಿನ್ ಲೈಗೇಸ್ ಓದುತ್ತದೆ, ಪ್ರೋಟೀನು ಒಡೆಯುವ ಯಂತ್ರವಾದ ಪ್ರೋಟಿಯಸೋಮ್ ಪಿ27ನ್ನು ಚೂರು ಮಾಡುತ್ತದೆ, ಡಿಎನ್‌ಎ ನಕಲಿಗೆ ದಾರಿ ತೆರೆಯುತ್ತದೆ.

ಗಂಗೋತ್ರಿ ವಿದ್ಯಾರ್ಥಿನಿ, ಮೈಸೂರು
ಧನ್ಯವಾದಗಳು ಸರ್, ಮೇಡಂ. ಹಾಗಾದರೆ ಪ್ರತಿಬಂಧಕ ಯಾವಾಗಲೂ ಮೊದಲೇ ಸಿದ್ಧವಾಗಿ ಕಾದಿರುತ್ತದೆಯೇ?

ಮಂಡ್ಯದ ಉಪನ್ಯಾಸಕ
ಇಲ್ಲಮ್ಮ, ಸಂಕೇತ ಬಂದ ಮೇಲೆ ತಯಾರಾಗುವವೂ ಇವೆ. ಕೋಶಗಳ ನಡುವೆ ಸಂಕೇತ ಒಯ್ಯುವ ಸೈಟೊಕೈನ್ ಪ್ರೋಟೀನು ಬಂದಾಗ ಜ್ಯಾಕ್ ಕೈನೇಸ್‌ಗಳು ಸ್ಟ್ಯಾಟ್ ಪ್ರೋಟೀನುಗಳನ್ನು ಚುರುಕುಗೊಳಿಸುತ್ತವೆ. ಆ ಸ್ಟ್ಯಾಟ್‌ಗಳು ನ್ಯೂಕ್ಲಿಯಸ್ಸಿಗೆ ಹೋಗಿ ತೆರೆಸುವ ಜೀನುಗಳಲ್ಲಿ ಸಾಕ್ಸ್ ಪ್ರೋಟೀನುಗಳ ಜೀನುಗಳೂ ಸೇರಿವೆ. ಹೀಗೆ ಹುಟ್ಟಿದ ಸಾಕ್ಸ್1 ಮತ್ತು ಸಾಕ್ಸ್3 ಮರಳಿ ಬಂದು ಜ್ಯಾಕ್‌ಗಳನ್ನೇ ಅದುಮುತ್ತವೆ. ಪಿ27ರಲ್ಲಿ ಕೈನೇಸ್ ತನ್ನ ಪ್ರತಿಬಂಧಕವನ್ನು ನಾಶಮಾಡುತ್ತದೆ, ಇಲ್ಲಿ ತನ್ನ ಪ್ರತಿಬಂಧಕವನ್ನು ತಾನೇ ಹುಟ್ಟಿಸುತ್ತದೆ. ಇವೆರಡನ್ನೂ ಅಕ್ಕಪಕ್ಕ ಬರೆದುಕೊಂಡು ಓದಿ.