ತಂಗಿ ರೋಯಿಂಗ್ ಕಾಕ್ಸ್ ಆಗ್ತಾಳಂತೆ, ಏನು ಹೇಳಲಿ?

ನಮ್ಮೂರು ತೀರ್ಥಹಳ್ಳಿ ಹತ್ತಿರ. ಬೆಂಗಳೂರಲ್ಲಿ ಓದುತ್ತಿರುವ ತಂಗಿಯನ್ನು ರೋಯಿಂಗ್ (ಹುಟ್ಟು ಹಾಕಿ ದೋಣಿ ಓಡಿಸುವ ಸ್ಪರ್ಧೆ) ತಂಡಕ್ಕೆ ಕಾಕ್ಸ್ ಆಗಿ, ಅಂದರೆ ಚುಕ್ಕಾಣಿ ಹಿಡಿದು ಹುಟ್ಟು ಹಾಕುವವರಿಗೆ ಸೂಚನೆ ಕೊಡುವವಳಾಗಿ, ಕರೆದಿದ್ದಾರೆ. ತೂಕ 48 ಕೆಜಿ, ಇನ್ನೂ ಇಳಿಸಬೇಕು ಅಂತ ರಾತ್ರಿ ಊಟ ಬಿಟ್ಟಿದ್ದಾಳೆ. ಅಪ್ಪಯ್ಯ, "ಹುಟ್ಟು ಹಾಕದೆ ಸುಮ್ನೆ ಕೂರೋದೂ ಒಂದು ಆಟವಾ" ಅಂತಾರೆ. ಇದರಲ್ಲಿ ಮುಂದೆ ದಾರಿ ಇದೆಯಾ? ಗೊತ್ತಿದ್ದವರು ಹೇಳಿ.

ಶಿವಮೊಗ್ಗದಿಂದ:
ಮೊದಲು ಊಟ ಮಾಡೋಕೆ ಹೇಳಿ. ಅಂತರರಾಷ್ಟ್ರೀಯ ನಿಯಮದಲ್ಲಿ ಕಾಕ್ಸ್‌ಗೆ ಕನಿಷ್ಠ 55 ಕೆಜಿ ಇರಬೇಕು, ಇಲ್ಲದಿದ್ದರೆ ಕಡಿಮೆ ಬಿದ್ದಷ್ಟು ಭಾರವನ್ನು ದೋಣಿಯಲ್ಲಿ ಜೊತೆಗೇ ಇಟ್ಟುಕೊಳ್ಳಬೇಕು. ಅವಳಿಗೆ ಈಗಲೇ 7 ಕೆಜಿ ಸೇರಿಸಬೇಕಾಗುತ್ತದೆ. ಇನ್ನೂ ಇಳಿಸಿದರೆ ದೋಣಿ ಹಗುರ ಆಗಲ್ಲ, ಅವಳೇ ಸೊರಗುತ್ತಾಳೆ.

ಇನ್ನು ಅಪ್ಪಯ್ಯನ ಮಾತು. ಎಂಟು ಜನ ಹುಟ್ಟು ಹಾಕುವವರಿಗೆ ದೋಣಿ ಹೋಗುವ ದಿಕ್ಕಿಗೆ ಬೆನ್ನು ಇರುತ್ತದೆ, ಮುಂದೆ ನೋಡುವವಳು ಇವಳೊಬ್ಬಳೇ. ಚುಕ್ಕಾಣಿ ತಿರುಗಿಸಿದಷ್ಟೂ ನೀರು ಹಿಡಿದು ವೇಗ ಕಡಿಮೆಯಾಗುತ್ತದೆ, ಹಾಗಾಗಿ ಬೇಗ ಗಮನಿಸಿ ಚೂರೇ ಚೂರು ತಿರುಗಿಸಬೇಕು. ನಾನು ಎನ್‌ಸಿಸಿ ನೌಕಾ ವಿಭಾಗದಲ್ಲಿ ಐದು ಹುಟ್ಟಿನ ವೇಲರ್ ದೋಣಿ ನಡೆಸಿದ್ದೇನೆ. ಅಲ್ಲಿ ಕಷ್ಟ ಅನಿಸಿದ್ದು ದಾರಿ ಅಲ್ಲ, ಜನ. ಒಬ್ಬನಿಗೆ ಗದರಿದರೆ ಬಲ ಬರುತ್ತಿತ್ತು, ಪಕ್ಕದವನು ಅದೇ ಮಾತಿಗೆ ಕುಗ್ಗಿಬಿಡುತ್ತಿದ್ದ. ಸುಸ್ತಾದವರ ಕಿವಿಗೆ ಉದ್ದ ವಾಕ್ಯ ಹೋಗುವುದೇ ಇಲ್ಲ. ಅಭ್ಯಾಸದಲ್ಲಿ ತನ್ನ ದನಿ ರೆಕಾರ್ಡ್ ಮಾಡಿ, ಆಮೇಲೆ ತಂಡದವರ ಜೊತೆ ಕೂತು ಕೇಳಲಿ. ಯಾವ ಮಾತು ಕೆಲಸ ಮಾಡಿತು ಅಂತ ಅವರೇ ಹೇಳುತ್ತಾರೆ.

ಸಾಗರದಿಂದ:
ದಾರಿ ಇದೆ, ಆದರೆ ಕಿರಿದು. 1992ರ ನಂತರ ಒಲಿಂಪಿಕ್ಸ್‌ನಲ್ಲಿ ಕಾಕ್ಸ್ ಇರುವುದು ಎಂಟು ಜನರ ದೋಣಿಯಲ್ಲಿ ಮಾತ್ರ. 2017ರಿಂದ ಹೆಂಗಸರು ಗಂಡಸರ ದೋಣಿಯನ್ನೂ, ಗಂಡಸರು ಹೆಂಗಸರ ದೋಣಿಯನ್ನೂ ನಡೆಸಬಹುದು. ಬ್ರಿಟನ್ನಿನ ಹೆನ್ರಿ ಫೀಲ್ಡ್‌ಮನ್ ಟೋಕಿಯೊದಲ್ಲಿ ಪುರುಷರ ತಂಡದ ಜೊತೆ, 2024ರಲ್ಲಿ ಪ್ಯಾರಿಸ್‌ನಲ್ಲಿ ಮಹಿಳೆಯರ ತಂಡದ ಜೊತೆ ಕಂಚು ಗೆದ್ದರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಪುರುಷರ ತಂಡಕ್ಕೆ ಬೆಳ್ಳಿ ಬಂತು, ಆ ದೋಣಿಯ ಕಾಕ್ಸ್ ಧನಂಜಯ ಉತ್ತಮ ಪಾಂಡೆ. ನಮ್ಮಲ್ಲಿ ಈ ಆಟವನ್ನು ಹೆಚ್ಚಾಗಿ ಬೆಳೆಸಿದ್ದು ಸೇನೆ. ಆದ್ದರಿಂದ ಇದನ್ನೇ ನಂಬಿ ಡಿಗ್ರಿ ಬಿಡುವುದು ಬೇಡ, ಎರಡೂ ನಡೆಯಲಿ. ಮುಂದೆ ಕೋಚ್ ಆಗುವವರಿಗೆ ಕಾಕ್ಸ್ ಸೀಟಿಗಿಂತ ಒಳ್ಳೆ ಪಾಠಶಾಲೆ ಇಲ್ಲ ಅನ್ನುವುದು ನನ್ನ ನಂಬಿಕೆ.

ಅಂದಹಾಗೆ, ತಂಗಿಗೆ ಈಜು ಚೆನ್ನಾಗಿ ಬರುತ್ತಾ? ತುಂಗೆ ದಡದವರಲ್ಲೂ ಎಷ್ಟೋ ಜನರಿಗೆ ಬರಲ್ಲ. ಅದನ್ನು ಇವತ್ತೇ ಕೇಳಿ.